ತಿಪ್ಪೆಗೆ ಬೇಲಿ ಹಾಕಿಸಿದ ಅಮ್ಮಣ್ಣಿ

"ಕೇಳ್ರಪ್ಪೋ ಕೇಳಿ! ಕೋಟೆಯ ಹಿಂದಿನ ತಿಪ್ಪೆ ಇನ್ನು ಮುಂದೆ ಅರಮನೆಯ ಸ್ವತ್ತು. ಅಲ್ಲಿನ ಒಂದು ಚಿಂದಿ ಮುಟ್ಟಿದರೂ ಕೈ ಹೋದೀತು! ಅಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಇಡೀ ತಿಪ್ಪೆ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ. ತಪ್ಪಿದವರ ತಲೆ ಸಂಜೆಗೆ ಉರುಳುತ್ತದೆ!"

ಡಂಗುರದವನು ಮುಂದಿನ ಬೀದಿಗೆ ತಿರುಗುವಷ್ಟರಲ್ಲಿ ಊರಿನ ದೊಡ್ಡವರಿಗೆಲ್ಲ ಅನುಮಾನ ಹುಟ್ಟಿತ್ತು. ಕಸಕ್ಕೆ ಬೇಲಿಯೇ? ಕಾವಲೇ? ಅದಕ್ಕೆ ತಲೆಯ ಪಣ ಬೇರೆ! ಒಳಗೆ ನಿಧಿ ಇದ್ದೇ ಇರಬೇಕು.

ತಿಪ್ಪೇಶಿಗೆ ಹುಟ್ಟಿದ ಅನುಮಾನವೇ ಬೇರೆ: ಇದರಲ್ಲಿ ಏನೋ ಹುನ್ನಾರವಿದೆ. ಅಲ್ಲಿ ನಿಧಿಯಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಗ್ಗೆ ಆ ತಿಪ್ಪೆ ಕೆದಕುತ್ತಿದ್ದವನು ಅವನೇ. ಕೇರಿಯ ಕೆಲವು ಮನೆಯವರು ಸೇರಿ ಒಂದು ಚಪ್ಪರ ಹಾಕಿಕೊಂಡು, ಊರು ಬಿಸಾಕಿದ್ದನ್ನು ಊರಿಗೇ ಮತ್ತೆ ಬೇಕೆನಿಸುವಂತೆ ಮಾಡುತ್ತಿದ್ದರು. ಬೇಲಿ ಎದ್ದ ಮೇಲೆ ಚಪ್ಪರವೂ ಖಾಲಿ, ಒಲೆಗಳೂ ತಣ್ಣಗೆ.

"ಹೋಗ್ಬೇಡ ಕಣೋ," ಎಂದಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಅವನ ಅತ್ತಿಗೆ ಬೋರಮ್ಮ. "ಅರಮನೆಯವರು ಸುಮ್ಮನೆ ನಕ್ಕರೂ ನಂಗೆ ಭಯ. ದಾನ ಕೊಡ್ತೀವಿ ಅಂದ್ರೆ ನಂಬ್ತೀಯಾ?"

"ನಂಬಲ್ಲ ಅತ್ತಿಗೆ. ಆದ್ರೆ ಬೇಲಿ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ?"

"ಹಾಗಾದ್ರೆ ನಾನೂ ಬರ್ತೀನಿ. ನಿನ್ನ ತಲೆ ಬಿದ್ರೆ ಎತ್ಕೊಂಡು ಬರೋಕೆ ಒಬ್ಬರು ಬೇಕಲ್ಲ."

ಒಡ್ಡೋಲಗದಲ್ಲಿ ರಾಜಕುಮಾರಿ ರತ್ನಾಜಮ್ಮಣ್ಣಿ ಕುಳಿತಿದ್ದಳು. ಬಂದವರ ಮುಖವನ್ನು ಅವಳು ನೋಡುತ್ತಲೇ ಇರಲಿಲ್ಲ, ಬರೀ ಕೈಗಳನ್ನು ನೋಡುತ್ತಿದ್ದಳು. ಅದೇಕೋ ತಿಪ್ಪೇಶಿಗೆ ಸರಿಕಾಣಲಿಲ್ಲ.

"ಬೆಂಕಿಯಲ್ಲಿ ಹುಟ್ಟಿತು, ನೀರು ಹೊತ್ತಿತು, ಕೈಜಾರಿ ಸತ್ತಿತು. ಸತ್ತ ಮೇಲೆ ನಮ್ಮ ಗೋಡೆಯನ್ನು ಹಿಡಿದು ನಿಲ್ಲಿಸಿತು. ಯಾವುದು?" ಎಂದು ಕೇಳಿದಳು ಅಮ್ಮಣ್ಣಿ.

ಮೊದಲು ಬಂದ ಚಿನಿವಾರ, "ಚಿನ್ನದ ಕೊಡ!" ಎಂದ. ನಿಧಿ ಬಿಟ್ಟು ಬೇರೆ ಯೋಚನೆಯೇ ಅವನಿಗಿರಲಿಲ್ಲ. ಭಟರು ಎಳೆದುಕೊಂಡು ಹೋದರು. ಪಾಳೆಯಗಾರನ ಮಗ ಮೀಸೆ ತೀಡಿ, "ಕತ್ತಿ!" ಎಂದ. "ಕತ್ತಿಯಲ್ಲಿ ನೀರು ಹೊರ್ತಾರಾ?" ಎಂದು ಬೋರಮ್ಮ ಗೊಣಗಿದ್ದು ಅರ್ಧ ಸಭೆಗೆ ಕೇಳಿಸಿತು. ಅವನನ್ನೂ ಎಳೆದೊಯ್ದರು. ಉಳಿದ ಶ್ರೀಮಂತರು ತಮತಮಗೆ ಜ್ವರ ಬಂದಿದೆ ಎಂದು ಮನೆಗೆ ಹೊರಟರು.

ತಿಪ್ಪೇಶಿ ಮುಂದೆ ಬಂದ. "ಒಡೆದ ಮಡಕೆ, ಅಮ್ಮಣ್ಣಿ. ಕುಟ್ಟಿ ಪುಡಿ ಮಾಡಿ ಸುಣ್ಣದ ಜೊತೆ ಅರೆದರೆ ಗಾರೆ ಗಟ್ಟಿಯಾಗುತ್ತೆ. ನಿಮ್ಮ ಮೂಡಲ ಗೋಡೆಗೆ ಹಚ್ಚಿರೋದು ಅದನ್ನೇ."

"ಸಿಹಿಯನ್ನೆಲ್ಲ ಊರಿಗೆ ಹಂಚಿ, ಒಣಗಿ ಬಿದ್ದಿತ್ತು. ಅದೇ ಈಗ ನಮ್ಮ ಮುಂದೆ ಅಂಗಾತ ಮಲಗಿ ಹಬ್ಬದೂಟ ಬಡಿಸಿಕೊಳ್ಳುತ್ತದೆ. ಯಾವುದು?"

"ಗಾಣದಿಂದ ಬಿಸಾಕಿದ ಕಬ್ಬಿನ ಸಿಪ್ಪೆ. ನೆನೆಸಿ, ಕುಟ್ಟಿ, ಅಚ್ಚಿಗೊತ್ತಿ ಒಣಗಿಸಿದರೆ ಊಟದ ತಟ್ಟೆ."

ಸಭೆ ಪಿಸುಗುಟ್ಟಿತು. ಅಮ್ಮಣ್ಣಿ ಈಗ ಮುಂದಕ್ಕೆ ಬಾಗಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ನನ್ನ ಮೈಮೇಲಿತ್ತು. ಬೆಂಕಿಗೆ ಹೋಗಬೇಕಿತ್ತು. ಬೆಂಕಿಗೆ ಬೆನ್ನು ತೋರಿಸಿ, ಮತ್ತೆ ನನ್ನ ಮೈಮೇಲೇ ಬಂದು ಬಿದ್ದಿದೆ. ಯಾವುದು?"

ತಿಪ್ಪೇಶಿಗೆ ಉತ್ತರ ಗೊತ್ತಿತ್ತು, ಗೊತ್ತಿದ್ದದ್ದೇ ತಪ್ಪಾಗಿತ್ತು. ಅರಸರ ಮನೆಯವರು ಉಟ್ಟು ಬಿಟ್ಟ ಬಟ್ಟೆಯನ್ನು ಸುಡಬೇಕೆಂಬುದು ಆ ರಾಜ್ಯದ ಕಟ್ಟಳೆ. ಹಗೆಗಳ ಕೈಗೆ ಸಿಕ್ಕರೆ ಅದರಿಂದ ಮಾಟ ಮಾಡಿಸುತ್ತಾರೆ ಎಂಬ ಭಯ. ಆದರೆ ರೇಷ್ಮೆ ಅರ್ಧ ಬೆಂದು ಬೂದಿಯ ಜೊತೆ ತಿಪ್ಪೆಗೆ ಬರುತ್ತಿತ್ತು. ಸುಟ್ಟ ಅಂಚು ಕತ್ತರಿಸಿ ಅವನು ಅತ್ತಿಗೆಗೆ ಕೊಡುತ್ತಿದ್ದ, ಅವಳು ಚಿಂದಿಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಅವುಗಳಲ್ಲೊಂದು ಸಂತೆಯಲ್ಲಿ ಮಾರಾಟವಾಗಿ, ಸುತ್ತಿ ಬಳಸಿ ಅರಮನೆಗೇ ಬಂದಿರಬೇಕು. ತಿಪ್ಪೆ, ದಾನ, ಒಗಟು, ಎಲ್ಲ ಬಲೆ. ತಪ್ಪು ಹೇಳಿದರೆ ತಲೆ ಹೋಗುತ್ತದೆ. ಸರಿ ಹೇಳಿದರೆ ಮಾಟಗಾರ ಸಿಕ್ಕಿಬಿದ್ದ ಹಾಗೆ, ಜೊತೆಗೆ ಅತ್ತಿಗೆಯೂ.

"ಕೌದಿ," ಎಂದ. "ಹೊಲಿದವನು ನಾನೇ. ನಾನೊಬ್ಬನೇ."

"ಒಪ್ಪಿಕೊಂಡ! ಹಿಡಿಯಿರಿ!" ಎಂದು ಮಂತ್ರಿ ಕೂಗಿದ.

"ತಡೆಯಿರಿ," ಎಂದಳು ಅಮ್ಮಣ್ಣಿ. "ಸುಳ್ಳು ಹೇಳುತ್ತಿದ್ದೀಯ. ನಿನ್ನ ಬೆರಳಲ್ಲಿ ಸೂಜಿ ಚುಚ್ಚಿದ ಗುರುತೇ ಇಲ್ಲ. ಹೊಲಿದವರು ಯಾರು?"

"ನಾನು," ಎನ್ನುತ್ತಾ ಬೋರಮ್ಮ ಮುಂದೆ ನುಗ್ಗಿದಳು. "ಇವನಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ, ಅಮ್ಮಣ್ಣಿ. ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ಅದನ್ನ ಹೊದ್ದ ಮೇಲೆ ನಿಮಗೇನಾಯ್ತು?"

ಅಮ್ಮಣ್ಣಿ ಮುಖ ತಗ್ಗಿಸಿದಳು. "ನಿದ್ದೆ ಬಂತು. ಹುಟ್ಟಿದ ಮೇಲೆ ಅಂಥ ನಿದ್ದೆ ಕಂಡಿರಲಿಲ್ಲ. ಅದೇ ನನಗೆ ಅನುಮಾನ."

"ಅಯ್ಯೋ ನನ್ನವ್ವ! ಅದನ್ನ ತರಿಸಿ."

ಕೌದಿ ಬಂತು. ಬೋರಮ್ಮ ಮಗುವನ್ನು ಮೈದುನನ ಕೈಗಿತ್ತು, ಹಲ್ಲಿನಿಂದ ದಾರ ಕಡಿದು ಒಂದು ಮೂಲೆ ಬಿಚ್ಚಿದಳು. ಮಂತ್ರಿ ತಾಯತ ಹುಡುಕಲು ಕತ್ತು ಉದ್ದ ಮಾಡಿದ. ಮೇಲೆ ಕಾಣುತ್ತಿದ್ದದ್ದು ಅಮ್ಮಣ್ಣಿ ಗುರುತು ಹಿಡಿದಿದ್ದ ಅವಳದೇ ಹಸಿರು ರೇಷ್ಮೆ. ಅದರ ಒಳಗೆ, ಅದಕ್ಕೆ ಅಂಟಿಕೊಂಡಂತೆ, ಮಾಸಿದ, ಅಂಗೈಯಗಲದ ಒಂದು ಅಂಗಿ.

"ಇದು ಈ ನನ್ನ ಮಗೂದು," ಎಂದಳು ಬೋರಮ್ಮ. "ನೀವು ಉಟ್ಟ ಬಟ್ಟೆಗೆ ಮಾಟ ತಾಗಿದ್ರೆ ಪಕ್ಕದ ಬಟ್ಟೆಗೂ ತಾಗಬೇಕಲ್ವಾ? ಮಾಟ ಮಾಡೋಳು ತನ್ನ ಕೂಸಿನ ಅಂಗೀನ ಅದರ ಪಕ್ಕ ಇಟ್ಟು ಹೊಲೀತಾಳಾ?"

ಮಗು ತಿಪ್ಪೇಶಿಯ ಕಿವಿ ಹಿಡಿದು ಎಳೆಯುತ್ತಿತ್ತು. ಅಮ್ಮಣ್ಣಿ ಮಗುವನ್ನೊಮ್ಮೆ, ಆ ಪುಟ್ಟ ಅಂಗಿಯನ್ನೊಮ್ಮೆ ನೋಡಿ, ಭಟರಿಗೆ ದೂರ ಸರಿಯುವಂತೆ ಕೈಸನ್ನೆ ಮಾಡಿದಳು.

ಅವತ್ತೇ ಬೇಲಿ ಕಿತ್ತರು. ತಿಪ್ಪೆ ತಿಪ್ಪೇಶಿಯ ಕೇರಿಗೆ ಸೇರಿತು, ಬಟ್ಟೆ ಸುಡುವ ಕಟ್ಟಳೆ ನಿಂತಿತು. ಚಿನಿವಾರನಿಗೂ ಪಾಳೆಯಗಾರನ ಮಗನಿಗೂ ತಲೆ ಉಳಿಯಿತು; ಬದಲಿಗೆ ಅವರು ಚಪ್ಪರದಲ್ಲಿ ಕೂತು ಮಡಕೆಚೂರು ಕುಟ್ಟಬೇಕಾಯಿತು. ನಿಧಿ ಸಿಕ್ಕೀತೇನೋ ಎಂದು ಚಿನಿವಾರ ಒಂದೊಂದು ಚೂರನ್ನೂ ತಿರುಗಿಸಿ ನೋಡುತ್ತಿದ್ದನಂತೆ. ಮಂತ್ರಿ ಮಾತ್ರ ತನ್ನ ಹಳೇ ಪೇಟವನ್ನು ಸಾಯುವ ತನಕ ಯಾರ ಕೈಗೂ ಕೊಡಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನ ಸಭೆ ಮುಗಿದ ಮೇಲೆ ಅಮ್ಮಣ್ಣಿ ಕೌದಿಯ ಬಿಚ್ಚಿದ ಮೂಲೆಯನ್ನು ಬೋರಮ್ಮನ ಮುಂದೆ ಹಿಡಿದು ಮೆಲ್ಲಗೆ ಹೇಳಿದಳಂತೆ:

"ಕತ್ತಲಾಗುವುದರೊಳಗೆ ಹೊಲಿದುಕೊಡು. ಅಂಗಿ ಎಲ್ಲಿತ್ತೋ ಅಲ್ಲೇ ಇರಲಿ."