ಕಾಂಡ್ಲ ಕಿತ್ತ ಬೀರಮ್ಮ

ಬನ್ನಿ, ಕಾಲಿನ ಕೆಸರು ತೊಳೆದುಕೊಂಡು ಬಂದು ಕೂತುಕೊಳ್ಳಿ. ಬಾಗಿಲಿಗೆ ಅಡ್ಡ ಕೂರಬೇಡ ಮಗಾ, ಒಳಗೆ ಗಾಳಿ ಬರಲಿ. ಆ ಕವಳದ ತಟ್ಟೆ ಇತ್ತ ಸರಿಸು, ಎಲೆ ಅಡಿಕೆ ಹಾಕಿಕೊಳ್ಳುವಾ. ಈ ಕತೆ ನಮ್ಮ ಅಜ್ಜಿ ಹೇಳಿದ್ದು. ಹೇಳುತ್ತಾ ಹೇಳುತ್ತಾ ಒಂದು ಜಾಗಕ್ಕೆ ಬಂದರೆ ಎದೆ ಮೇಲೆ ಕೈ ಇಟ್ಟುಕೊಂಡು ಸುಮ್ಮನಾಗಿಬಿಡುತ್ತಿದ್ದಳು. ಆ ಜಾಗ ಬಂದಾಗ ನಿಮಗೇ ತಿಳಿಯುತ್ತದೆ.

ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಬಾಯಲ್ಲಿ, ಅಳಿವೆಕೊಡ್ಲ ಅಂತ ಒಂದು ಊರು. ಊರಿನ ಗದ್ದೆಯೆಲ್ಲ ಹೊಳೆಗಿಂತ ತಗ್ಗು. ಗಜನಿ ಗದ್ದೆ ಅಂತಾರಲ್ಲ, ಅದೇ. ಉಪ್ಪು ತಡೆಯುವ ಕಗ್ಗ ಭತ್ತ ಬಿಟ್ಟರೆ ಇನ್ನೊಂದು ಬೆಳೆ ಅಲ್ಲಿ ತಲೆ ಎತ್ತುವುದಿಲ್ಲ. ಗದ್ದೆಗೂ ಹೊಳೆಗೂ ನಡುವೆ ಒಂದು ಮಣ್ಣಿನ ಒಡ್ಡು. ಒಡ್ಡು ಒಡೆದರೆ ಉಪ್ಪುನೀರು ನುಗ್ಗಿ ವರ್ಷದ ಗಂಜಿ ಹೋಯಿತು ಅಂತಲೇ.

ಆ ಒಡ್ಡು ಕಾಯುವವಳು ಬೀರಮ್ಮ. ಒಡ್ಡಿನ ಹೊರಮೈಗೆ ಸಾಲಾಗಿ ಕಾಂಡ್ಲ ನೆಟ್ಟವಳು ಅವಳೇ. ಕಾಂಡ್ಲ ಕಂಡಿದ್ದೀರಲ್ಲ, ಕೆಸರಲ್ಲಿ ಹತ್ತು ಕಾಲು ಊರಿ ನಿಲ್ಲುವ ಗಿಡ. ಆ ಬೇರು ಹಿಡಿದ ಮಣ್ಣನ್ನು ಹೊಳೆ ಕಿತ್ತುಕೊಳ್ಳಲಾರದು. ಬೀರಮ್ಮ ಮಣ್ಣು ಮೂಸಿ ನೋಡಿಯೇ ನಾಳೆ ನೀರು ಎಲ್ಲಿಗೆ ಬರುತ್ತದೆ ಅಂತ ಹೇಳುತ್ತಿದ್ದಳಂತೆ. ಒಡ್ಡಿಗೆ ತೂತು ಹೊಡೆಯುವ ಏಡಿಗಳು ಅವಳ ನೆರಳು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದವಂತೆ. ಒಂದು ಸಲ ಊರಗೌಡನ ಮಗನೇ ಹಲ್ಲುಜ್ಜಲು ಕಾಂಡ್ಲದ ಕಡ್ಡಿ ಮುರಿದಾಗ, ಊರ ಮುಂದೆ ಅವನ ಕೆನ್ನೆಗೆ ಬಾರಿಸಿದಳಂತೆ. ಊರಗೌಡ ಅವಳನ್ನಲ್ಲ, ಮಗನನ್ನು ಬೈದನಂತೆ. ಹಾಗಿತ್ತು ಅವಳ ಮಾತು.

ಬೀರಮ್ಮನಿಗೆ ವಯಸ್ಸಾಯಿತು. ಇವಳ ನಂತರ ಒಡ್ಡು ಯಾರು ಕಾಯುವುದು ಅಂತ ಊರಿಗೆ ದಿಗಿಲು ಹತ್ತಿತು. ಪ್ರಾಯದವರು ಹೋಗಿ ಕಲಿಯಿರಿ, ಕಲಿತವರಿಗೆ ಆ ಕೆಲಸ, ಸುಗ್ಗಿಯಲ್ಲಿ ಮನೆಗೊಂದು ಮೊರ ಕಗ್ಗ, ಊರ ಕೂಟದಲ್ಲಿ ಒಂದು ಮಣೆ ಅಂತ ಊರಗೌಡ ಸಾರಿದ. ಕೆಸರಲ್ಲಿ ಕೋಲು ಚುಚ್ಚುವುದೂ ಒಂದು ಕೆಲಸವೇ ಅಂತ ನಕ್ಕವರು ನಕ್ಕರು. ಏಳು ಜನ ಹೋದರು. ಬೀರಮ್ಮ ಅವರ ಕೈಗೆ ಏನೂ ಕೊಡಲಿಲ್ಲ. ಒಂದು ತಿಂಗಳು ಒಡ್ಡಿನ ಮೇಲೆ ಕೂರಿಸಿ, ಸಮುದ್ರದ ಭರತ ಏರುವಾಗ ನೀರು ಮೊದಲು ಎಲ್ಲಿ ಮುಟ್ಟಿತು, ಇಳಿಯುವಾಗ ಕೊನೆಗೆ ಎಲ್ಲಿ ಬಿಟ್ಟಿತು, ಅದನ್ನಷ್ಟೇ ಕೇಳಿದಳು. ಐದು ಜನ ಬೇಸತ್ತು ಮನೆಗೆ ನಡೆದರು. ಉಳಿದವರು ಇಬ್ಬರು, ಗಣಪು ಮತ್ತು ಸೋಮಿ.

ಗಣಪು ಒಳ್ಳೆಯ ಹುಡುಗ, ಸ್ವಲ್ಪ ಆತುರ. ಕಾಂಡ್ಲದ ಬೀಜ ನುಗ್ಗೆಕಾಯಿಯ ಹಾಗೆ ಉದ್ದ ಕೋಡು, ಚೂಪು ತುದಿ ಕೆಳಗೆ ಹೋಗಬೇಕು. ಅವನು ಮೊದಲ ದಿನ ಒಂದಿಡೀ ಸಾಲನ್ನು ತಲೆಕೆಳಗಾಗಿ ನೆಟ್ಟ. ಬೀರಮ್ಮ ಬೈಯಲಿಲ್ಲ. "ನಾಳೆ ನೀನು ತಲೆ ಕೆಳಗೆ ಕಾಲು ಮೇಲೆ ಮಾಡಿ ಗಂಜಿ ಉಣ್ಣು ಮಾರಾಯ, ಅದು ಗಂಟಲಲ್ಲಿ ಇಳಿದರೆ ಈ ಸಾಲನ್ನು ಹೀಗೇ ಬಿಡುವಾ" ಅಂದಳಂತೆ.

ಸೋಮಿ ಬೇರೆ ಥರ. ಅವಳ ತಾಯಿ ದುರ್ಗಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವವಳು. ಇಳಿತದ ಹೊತ್ತಲ್ಲಿ ಸೊಂಟದವರೆಗೆ ಕೆಸರಲ್ಲಿ ನಿಂತು, ಕಾಲಲ್ಲೇ ಚಿಪ್ಪು ತಡಕಿ, ಬುಟ್ಟಿ ತುಂಬಿ ಮನೆ ಮನೆಗೆ ಹೊತ್ತು ಮಾರಿ ಮಗಳನ್ನು ಸಾಕಿದವಳು. ಊರವರು ಬಳಚು ತಿನ್ನುತ್ತಿದ್ದರು, ಬಳಚಿನ ದುರ್ಗಿಯನ್ನು ಮಾತ್ರ ಜಗುಲಿಯ ಕೆಳಗೇ ನಿಲ್ಲಿಸುತ್ತಿದ್ದರು. ಸೋಮಿ ಅದನ್ನು ನೋಡಿಯೇ ಬೆಳೆದವಳು. ಅವಳಿಗೆ ಆ ಮಣೆ ಬೇಕಿತ್ತು. ಅದರ ಮೇಲೆ ಕೂತು, ತಾಯಿಯನ್ನು ಜಗುಲಿ ಹತ್ತಿಸಬೇಕಿತ್ತು. ಬೀರಮ್ಮ ಒಂದು ಹೇಳಿದರೆ ಸೋಮಿ ಎರಡು ಮಾಡುತ್ತಿದ್ದಳು.

ಮೂರನೆಯ ಮಳೆಗಾಲದಲ್ಲಿ ಬೀರಮ್ಮ ಜ್ವರ ಬಂದು ಹಾಸಿಗೆ ಹಿಡಿದಳು. ಸೋಮಿ ನೋಡಿದಳು, ಹೊಳೆಯ ನಡುವೆ ಇಳಿತದಲ್ಲಿ ಬಯಲಾಗುವ ಒಂದು ಕೆಸರ ದಿಬ್ಬ. ಒಂದು ಹುಲ್ಲಿಲ್ಲ, ಒಂದು ಗಿಡವಿಲ್ಲ. ಇಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ ಅಂದುಕೊಂಡಳು. ಚೌತಿ ಕಳೆದದ್ದೇ ತಡ, ಊರಿನ ಪ್ರಾಯದವರನ್ನೆಲ್ಲ ಕರೆದು, ದೋಣಿ ದೋಣಿ ಕೋಡು ತಂದು, ದಿಬ್ಬದ ತುಂಬ ನೆಡಿಸಿದಳು. ಸಾವಿರ ಅನ್ನುವವರಿದ್ದಾರೆ, ಹತ್ತು ಸಾವಿರ ಅನ್ನುವವರೂ ಇದ್ದಾರೆ. ಒಂದೂ ಸಾಯಲಿಲ್ಲ. ದೀಪಾವಳಿಯ ಹೊತ್ತಿಗೆ ಹೊಳೆಯ ನಡುವೆ ಹಸಿರು ಹಾಸಿದ ಹಾಗಾಯಿತು. ಊರಿಗೆ ಊರೇ ದಡಕ್ಕೆ ಬಂದು ನೋಡಿತು. ಊರಗೌಡ ಸೋಮಿಯ ಕೈಗೆ ತೆಂಗಿನಕಾಯಿ ಕೊಟ್ಟು, ಇನ್ನು ಒಡ್ಡು ನಿನ್ನದೇ ಅಂದ. ಮುದುಕರು ಕೈ ಮುಗಿದರು. ದುರ್ಗಿ ಎಲ್ಲರ ಹಿಂದೆ ಬುಟ್ಟಿ ಕಂಕುಳಲ್ಲಿ ಹಿಡಿದು ನಿಂತಿದ್ದಳು. ಅವಳೊಬ್ಬಳು ಏನೂ ಅನ್ನಲಿಲ್ಲವಂತೆ.

ಆಗ ಬಂದಳು ಬೀರಮ್ಮ. ಜ್ವರ ಬಿಟ್ಟ ಮೈ, ಕೋಲು ಊರಿಕೊಂಡು, ಗಣಪುವಿನ ದೋಣಿಯಲ್ಲಿ ದಿಬ್ಬಕ್ಕೆ ಹೋದಳು. ಮೆಚ್ಚಿ ಏನೋ ಹೇಳುತ್ತಾಳೆ ಅಂತ ಊರು ಕಾದಿತ್ತು. ಅವಳು ಮೊಣಕಾಲೂರಿ, ಮೊಣಕೈವರೆಗೆ ಕೈಯನ್ನು ಕೆಸರಿಗೆ ಇಳಿಸಿ, ಒಂದು ಹಿಡಿ ತೆಗೆದು ನೋಡಿದಳು. ಕೈ ತೊಳೆದಳು.

ಆಮೇಲೆ ಗಿಡ ಕೀಳಲು ಶುರು ಮಾಡಿದಳು.

ಒಂದಲ್ಲ, ಎರಡಲ್ಲ. ಒಂದು ಕಡ್ಡಿ ಮುರಿದದ್ದಕ್ಕೆ ಊರಗೌಡನ ಮಗನಿಗೆ ಹೊಡೆದ ಕೈ ಅದು. ಅದೇ ಕೈ ಒಂದಾದ ಮೇಲೊಂದು ಎಳೆ ಕಾಂಡ್ಲವನ್ನು ಬೇರು ಸಮೇತ ಎಳೆದು ಹಿಂದಕ್ಕೆ ಎಸೆಯುತ್ತಿತ್ತು. ದಡದಲ್ಲಿ ನಿಂತವರು ನೀರಿನ ಅಂಚಿಗೆ ನುಗ್ಗಿದರು. ಒಬ್ಬಾಕೆಯ ಕಂಕುಳಿನ ಕೊಡ ಜಾರಿ ಒಡೆಯಿತು, ಯಾರೂ ಅತ್ತ ತಿರುಗಲಿಲ್ಲ. ಅಷ್ಟು ಹೊತ್ತು ಹೊಳೆಯ ಮೇಲಿನ ಕಾಗೆಗಳೂ ಕೂಗಲಿಲ್ಲ, ಹಾಗಂತಾರೆ. ಜ್ವರ ತಲೆಗೇರಿದೆ ಅಂದರು ಕೆಲವರು. ಹೊಟ್ಟೆಕಿಚ್ಚು ಅಂದರು ಕೆಲವರು.

ಸೋಮಿ ಇನ್ನೊಂದು ದೋಣಿ ಹತ್ತಿ ದಿಬ್ಬಕ್ಕೆ ಬಂದಳು. ಕೆಸರಲ್ಲಿ ಬಿದ್ದು ಎದ್ದು ಹೋಗಿ ಬೀರಮ್ಮನ ಕೈ ಹಿಡಿದುಕೊಂಡಳು. ಅವಳ ಹಿಂದೆ ದುರ್ಗಿಯೂ ಬಂದಳು.

ಬೀರಮ್ಮ ಕೇಳಿದಳು, "ಇದು ಯಾರ ಮನೆ?"

ಸೋಮಿ ಅಂದಳು, "ಯಾರದ್ದೂ ಅಲ್ಲ ಅಜ್ಜಿ. ಖಾಲಿ ಜಾಗ."

"ಕೈ ಹಾಕು."

ಸೋಮಿ ಕೈ ಹಾಕಿದಳು. ಹಿಡಿ ಕೆಸರು ಎತ್ತಿ ನೀರಲ್ಲಿ ಅಲುಗಿಸಿದಳು. ಅಂಗೈಯಲ್ಲಿ ಉಳಿದದ್ದು ಬಳಚಿನ ಮರಿ. ಅಕ್ಕಿನುಚ್ಚಿನಷ್ಟು, ಎಣಿಸಲಾಗದಷ್ಟು. ಅರ್ಧಕ್ಕರ್ಧ ಬಾಯಿ ಬಿಟ್ಟು ಸತ್ತಿದ್ದವು. ಹೊಳೆಯ ಬಳಚೆಲ್ಲ ಹುಟ್ಟುವುದು ಆ ದಿಬ್ಬದಲ್ಲೇ. ಬೇರು ಇಳಿದು ಹೂಳು ನಿಂತು ಅವಕ್ಕೆ ಉಸಿರು ಕಟ್ಟಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಹೊಳೆಯಲ್ಲಿ ಬಳಚು ಅನ್ನುವ ಮಾತೇ ಇರುತ್ತಿರಲಿಲ್ಲ, ಬಳಚು ಹೆಕ್ಕುವವರ ಒಲೆ ಉರಿಯುತ್ತಿರಲಿಲ್ಲ.

ಸೋಮಿ ಅಂಗೈ ನೋಡಿದಳು. ಆಮೇಲೆ ತಾಯಿಯ ಕಾಲು ನೋಡಿದಳು. ದಿನವೂ ಇದೇ ಕೆಸರು ತುಳಿಯುವ ಕಾಲು. ಕಾಲಲ್ಲೇ ಚಿಪ್ಪು ಗುರುತಿಸುವ ಕಾಲು. ಆಗ ಅವಳಿಗೆ ಇನ್ನೊಂದು ಹೊಳೆಯಿತು ನೋಡಿ.

"ಅವ್ವಾ, ನಿನಗೆ ಗೊತ್ತಿತ್ತಾ?"

ದುರ್ಗಿ ಬುಟ್ಟಿಯ ಅಂಚು ಸವರುತ್ತಾ ನಿಂತಳು. "ನೆಟ್ಟ ದಿನವೇ ಗೊತ್ತಾಗಿತ್ತು. ಊರೇ ನಿನಗೆ ಕೈ ಮುಗೀತಿತ್ತಲ್ಲೆ, ಮಗಾ."

ನಮ್ಮ ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದದ್ದು ಇಲ್ಲಿಗೆ ಬಂದಾಗ.

ಸೋಮಿ ಅಳಲಿಲ್ಲವಂತೆ. ಸೀರೆ ಎತ್ತಿ ಸಿಕ್ಕಿಸಿ, ಬೀರಮ್ಮನನ್ನು ದೋಣಿಯಲ್ಲಿ ಕೂರಿಸಿ, ತಾನೇ ಕೀಳಲು ನಿಂತಳು. ತಾಯಿ ಒಂದು ಕಡೆಯಿಂದ, ಮಗಳು ಒಂದು ಕಡೆಯಿಂದ. ಆರು ಇಳಿತ ಬೇಕಾಯಿತು. ಬದುಕುವಂಥ ಗಿಡಗಳನ್ನು ಗಣಪು ದೋಣಿ ತುಂಬಿ ಒಯ್ದು ಒಡ್ಡಿನ ಬೋಳು ಮೈಗೆ ನೆಟ್ಟ. ಊರು ನೆಟ್ಟದ್ದನ್ನೆಲ್ಲ ಕಿತ್ತವಳಿಗೆ ಒಡ್ಡು ಹೇಗೆ ಕೊಡುವುದು ಅಂತ ಕೂಟದ ದಿನ ಊರಗೌಡ ತನ್ನ ಜಗುಲಿಯಲ್ಲಿ ರಾಗ ಎಳೆದ. ಬೀರಮ್ಮ ಕೂಟದ ನಡುವೆ ಎದ್ದಳು. "ನಾನು ನೆಡೂದು ಕಲಿಸಿದ್ದೆ. ಕೀಳೂದು ಕಲಿಸಿರಲಿಲ್ಲ. ಈಗ ಎರಡೂ ಬಂತು" ಅಂದಳು. ತನ್ನ ಮಣೆಯನ್ನು ತಾನೇ ಎತ್ತಿ ತಂದು ಸೋಮಿಯ ಮುಂದೆ ಇಟ್ಟಳು. ಸೋಮಿ ಕೂರಲಿಲ್ಲ. ಜಗುಲಿಯ ಕೆಳಗೆ ಹೋಗಿ, ತಾಯಿಯ ಕೈ ಹಿಡಿದು ಹತ್ತಿಸಿ ತಂದು, ಅದರ ಮೇಲೆ ತಾಯಿಯನ್ನು ಕೂರಿಸಿದಳು. ದುರ್ಗಿಯ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. 

ಬೀರಮ್ಮ ಮುಂದಿನ ಮಳೆಗಾಲ ನೋಡಲಿಲ್ಲ. ಅವಳು ಹೋದ ದಿನ ಭರತದ ನೀರು ಒಡ್ಡಿನವರೆಗೆ ಬಂದು, ಮುಟ್ಟದೆ ಹಿಂದೆ ಸರಿಯಿತು ಅಂತಾರೆ. ಗಣಪು ಮೂರು ಊರುಗಳ ಒಡ್ಡು ಕಾಯುವವನಾದ. ಅವನ ಮಕ್ಕಳ ಮದುವೆಯಲ್ಲೂ ಜನ ತಲೆಕೆಳಗೆ ಗಂಜಿಯ ಮಾತೆತ್ತಿ ನಗುತ್ತಿದ್ದರು. ದುರ್ಗಿ ಕೊನೆಯವರೆಗೂ ಬಳಚು ಹೆಕ್ಕಿದಳು, ಆದರೆ ಜಗುಲಿಯ ಮೇಲೆ ಕೂತು ಮಾರಿದಳು. ಸೋಮಿಯ ಹತ್ತಿರ ಹೊಳೆಯ ಎರಡೂ ದಡದಿಂದ ಪ್ರಾಯದವರು ಕಲಿಯಲು ಬಂದರು. ಬಂದವರನ್ನು ಅವಳು ಮೊದಲು ಒಡ್ಡಿಗೆ ಕರೆದೊಯ್ಯಲಿಲ್ಲ, ತಾನು ಕೆಡಿಸಿದ ಆ ದಿಬ್ಬಕ್ಕೆ ಕರೆದೊಯ್ದಳು.

ಆ ದಿಬ್ಬದಲ್ಲಿ ಇವತ್ತಿಗೂ ಒಂದು ಗಿಡ ಇಲ್ಲ. ಬೇರೆಲ್ಲಿ ಕಾಂಡ್ಲ ನೆಡಲು ಹೋದರೂ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲು ಮೊಣಕೈವರೆಗೆ ಕೈಯನ್ನು ಕೆಸರಿಗೆ ಇಳಿಸಿ, ಇದು ಯಾರ ಮನೆ ಅಂತ ಗಟ್ಟಿಯಾಗಿ ಕೇಳುತ್ತಾರೆ. ಬಳಚು ಹೆಕ್ಕುವ ಹೆಂಗಸೊಬ್ಬಳು ದಡದಿಂದ ಉತ್ತರ ಕೊಡುವವರೆಗೆ ಕೋಡು ಮುಟ್ಟುವುದಿಲ್ಲ.