ಬೋರ್ಡಿನ ಗುಂಡಿ

ನಮ್ಮೂರಿಗೆ ನೀರು ಕೊಡಲು ಎರಡು ದೇಶಗಳು ಕೈಜೋಡಿಸಿದವು. ಒಂದು ಪಂಪು ಕೊಟ್ಟಿತು, ಇನ್ನೊಂದು ಪೈಪು ಕೊಟ್ಟಿತು. ಬಾವಿ ತೋಡಿಸುವುದು ಮಾತ್ರ ಯಾರ ಯೋಜನೆಯಲ್ಲೂ ಇರಲಿಲ್ಲ.

ಆದರೂ ಉದ್ಘಾಟನೆಗೆಂದು ಎರಡೂ ದೇಶದ ಸಾಹೇಬರು ಬಂದಿಳಿದರು. ಬಂದವರೇ ಜಗಳಕ್ಕೆ ನಿಂತರು.

"ನಮ್ಮ ದೇಶದ ಬೋರ್ಡೇ ಎತ್ತರ ಇರಬೇಕು!"

"ಅದು ಹೇಗಾಗತ್ತೆ? ನಮ್ಮದೇ ಇರಬೇಕು!"

ಪಂಚಾಯಿತಿಯಲ್ಲಿ ಕಸ ಗುಡಿಸುವ ಹೊನ್ನೂರಮ್ಮ ಪೊರಕೆ ಬದಿಗಿಟ್ಟಳು. "ಬೋರ್ಡು ಎತ್ತರ ಆದಷ್ಟೂ ಗುಂಡಿ ಆಳ ಬೇಕು ಸ್ವಾಮಿ. ನಮ್ಮೂರ ಗಾಳಿ ಕೆಟ್ಟದ್ದು" ಎಂದು ಬತ್ತಿದ ಕೆರೆಯ ಮಗ್ಗುಲಲ್ಲಿ ಜಾಗ ತೋರಿಸಿದಳು.

ಬಾವಿಗಿಲ್ಲದ ದುಡ್ಡು ಬೋರ್ಡಿಗೆ ಇತ್ತು. ಎರಡು ಜೆಸಿಬಿ ಬಂದವು. ಇವರು ಆಳಕ್ಕೆ ಹೋದರೆ ಅವರು ಇನ್ನೂ ಆಳಕ್ಕೆ ಹೋದರು. ಸಂಜೆ ಹೊತ್ತಿಗೆ ಎರಡೂ ಗುಂಡಿಗಳಲ್ಲಿ ನೀರು ಉಕ್ಕಿತು. ಊರಿನ ಹೆಂಗಸರು ಕೊಡ ಹಿಡಿದು ಓಡಿ ಬಂದರು.

"ಅಯ್ಯೋ, ಈಗ ಬೋರ್ಡು ನೆಡೋದೆಲ್ಲಿ?" ಸಾಹೇಬರಿಬ್ಬರೂ ಮೊದಲ ಸಲ ಒಂದೇ ದನಿಯಲ್ಲಿ ಕೇಳಿದರು.

ಹೊನ್ನೂರಮ್ಮ ಮತ್ತೆ ಪೊರಕೆ ಎತ್ತಿಕೊಂಡಳು.

"ಪಕ್ಕದೂರಲ್ಲಿ ನೆಡಿ ಸ್ವಾಮಿ. ಅಲ್ಲೂ ಗಾಳಿ ಜಾಸ್ತಿ."