ದೊರೆಯ ಬಾಣಂತನ

ಸೊನ್ನಾಪುರದ ದೊರೆ ಕೆಂಚರಾಯನಿಗೆ ತನಗಿಂತ ದೊಡ್ಡ ಪೈಲ್ವಾನ ಭೂಮಿಯ ಮೇಲೆ ಇಲ್ಲವೆಂಬ ಹೆಮ್ಮೆ. ಒಂದು ದಿನ ಗರಡಿಮನೆಯ ಗುಂಡುಕಲ್ಲು ಎತ್ತಲು ಹೋದ. ಕಲ್ಲೂ ಏಳಲಿಲ್ಲ, ದೊರೆಯೂ ಏಳಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಸೊಂಟ ಹಿಡಿದುಕೊಂಡು ಅರಮನೆಗೆ ಬಂದ.

ಅವನ ನರಳಾಟ ನೋಡಲಾರದೆ ರಾಣಿಯ ದಾಸಿಯೊಬ್ಬಳು ಬಾಯಿಬಿಟ್ಟಳು. "ಹಡೆದ ಸೊಂಟಕ್ಕೇ ಅಳ್ವಿ ಕಾಳು ಬಲ ಕೊಡತೈತಿ, ಮಹಾಸ್ವಾಮಿ. ಹಾಲು ಬೆಲ್ಲದಾಗ ಕುದಿಸಿ ಪಾಯಸ ಮಾಡ್ತೀವಿ. ತುಪ್ಪ, ಒಣಕೊಬ್ಬರಿ ಹಾಕಿ ಉಂಡಿ ಕಟ್ತೀವಿ. ತಿಂದ ಬಾಣಂತಿ ಎದ್ದು ಕೊಡ ಹೊರ್ತಾಳ."

ಕೇಳಿದ್ದೇ ತಡ, ದೊರೆ ಡಂಗುರ ಸಾರಿಸಿದ. ರಾಜ್ಯದಲ್ಲಿರುವ ಅಳ್ವಿಯೆಲ್ಲ ಅರಮನೆಗೆ ಬರಬೇಕು, ಬೇರೆ ಯಾರೂ ಒಂದು ಕಾಳನ್ನೂ ಮುಟ್ಟಬಾರದು. "ಮೂರು ತಿಂಗಳಲ್ಲಿ ಆನೆಯನ್ನೇ ಎತ್ತಿ ತೋರಿಸುತ್ತೇನೆ" ಎಂದು ಮಲಗಿದಲ್ಲಿಂದಲೇ ಜಂಬ ಕೊಚ್ಚಿಕೊಂಡ.

ಎಲ್ಲರೂ ಮರೆಯಲ್ಲಿ ನಕ್ಕರು. ಆಸ್ಥಾನದ ಜಾಣ ಭರಮಣ್ಣನಿಗೆ ಮಾತ್ರ ನಗು ಬರಲಿಲ್ಲ. ಐದು ದಿನದ ಹಿಂದೆ ಅವನ ಮಗಳು ನಿಂಬವ್ವ ಹಡೆದಿದ್ದಳು. ಎದ್ದು ಕೂತರೆ ಸೊಂಟ ಕಳಚಿಬೀಳುವಷ್ಟು ನೋವು. ಹಾಲು ಸಾಲದೆ ಕೂಸು ಅಳುತ್ತಿತ್ತು. ಗಡಿಗೆಯ ತಳದಲ್ಲಿದ್ದ ಹಿಡಿ ಅಳ್ವಿಯನ್ನೂ ಅರಮನೆಯ ಆಳುಗಳು ಬಳಿದುಕೊಂಡು ಹೋಗಿದ್ದರು.

"ಆ ಮೀಸಿ ದೊರೀಗೆ ಅಳ್ವಿ ಯಾಕ ಬೇಕಪ್ಪಾ?" ಎಂದು ನಿಂಬವ್ವ ಕಣ್ಣೊರೆಸಿಕೊಂಡಳು.

ಭರಮಣ್ಣ ರುಮಾಲು ಸುತ್ತಿಕೊಂಡು ಸೀದಾ ಅರಮನೆಗೆ ನಡೆದ. ಅಲ್ಲಿ ದೊರೆ ಮಂತ್ರಿಗಳ ನಡುವೆ ಮಲಗಿ ಬೆಳ್ಳಿ ಬಟ್ಟಲಲ್ಲಿ ಅಳ್ವಿ ಪಾಯಸವನ್ನು ಸೊರ್ರನೆ ಕುಡಿಯುತ್ತಿದ್ದ.

"ಕುಡಿಯಿರಿ ಪ್ರಭು, ಚೆನ್ನಾಗಿ ಕುಡಿಯಿರಿ. ಆದರೆ ಪಥ್ಯ?"

"ಯಾವ ಪಥ್ಯ?"

"ಅಳ್ವಿಯ ಜೊತೆ ಅದರ ಪಥ್ಯವೂ ಇರಬೇಕಲ್ಲ. ಹೋಗಲಿ ಬಿಡಿ, ತಮ್ಮಿಂದ ಆಗುವುದಿಲ್ಲ. ಅದನ್ನು ಹೆಂಗಸರು ಮಾತ್ರ ತಡೆದುಕೊಳ್ಳುತ್ತಾರೆ."

ದೊರೆಯ ಮೀಸೆ ನಿಮಿರಿತು. "ಹೆಂಗಸರು ತಡೆಯುವುದನ್ನು ಕೆಂಚರಾಯ ತಡೆಯಲಾರನೇ? ಮಂತ್ರಿಗಳ ಎದುರಿಗೇ ಹೇಳುತ್ತಿದ್ದೇನೆ. ನಲವತ್ತು ದಿನ ಪಥ್ಯ ಮಾಡುತ್ತೇನೆ. ನಡುವೆ ಮುರಿದರೆ ಅಳ್ವಿಯನ್ನೆಲ್ಲ ಊರಿಗೆ ವಾಪಸು ಕೊಡುತ್ತೇನೆ."

ಭರಮಣ್ಣನಿಗೆ ಬೇಕಾಗಿದ್ದದ್ದೂ ಅಷ್ಟೇ. ಸೂಲಗಿತ್ತಿ ತಿಪ್ಪವ್ವನನ್ನು ಕರೆಸಿದ.

ಅರ್ಧ ರಾಜ್ಯ ತಿಪ್ಪವ್ವನ ಕೈಯಲ್ಲೇ ಹುಟ್ಟಿತ್ತು, ದೊರೆಯೂ ಸೇರಿ. ಹೀಗಾಗಿ ಮುದುಕಿಗೆ ಯಾರ ಭಯವೂ ಇರಲಿಲ್ಲ. ಕಿಟಕಿ ಮುಚ್ಚಿಸಿದಳು. ಕಿರೀಟ ತೆಗೆದಿಟ್ಟು ದೊರೆಯ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿದಳು. ಹಳೆಯ ಸೀರೆಯಿಂದ ಹೊಟ್ಟೆ ಬಿಗಿದಳು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಲೋಬಾನದ ಹೊಗೆ ಹಾಕಿದಳು.

"ತಿಪ್ಪವ್ವಾ, ಉಸಿರು ಕಟ್ಟುತ್ತಿದೆ."

"ಕಟ್ಟಲಿ ತಗೋ. ಹಸಿ ಮೈಗೆ ಗಾಳಿ ಹೊಕ್ಕರ ಸನ್ನಿ ಆಗತೈತಿ."

"ಊಟಕ್ಕೆ ಮಾಂಸದ ಸಾರು?"

"ಬೆಳ್ಳುಳ್ಳಿ, ಮೆಣಸು, ತುಪ್ಪ, ಬಿಸಿ ಅನ್ನ. ಮತ್ತೇನರ ಕೇಳಿದರ ಕೈ ಮ್ಯಾಲ ಹೊಡೀತೀನಿ."

ದಿನಾ ಎರಡು ಹೊತ್ತು ಎಣ್ಣೆ ತಿಕ್ಕಿ, ಸುಡುಸುಡು ಬೇವಿನ ನೀರನ್ನು ಹಂಡೆಗಟ್ಟಲೆ ಬೆನ್ನಿಗೆ ರಪರಪ ಎರಚಿದಳು. ದೊರೆ ಕಿರುಚಿದ್ದು ಕೇಳಿ ಲಾಯದ ಆನೆಗಳೂ ಘೀಳಿಟ್ಟವು. ಮೂರನೆಯ ದಿನ ಊರ ಮುತ್ತೈದೆಯರು ಕೂಸಿನ ಕುಂಚಿಗೆ, ಕೊಬ್ಬರಿ ಬಟ್ಟಲು ಹಿಡಿದು ಬಾಣಂತಿಯನ್ನು ನೋಡಲು ಬಂದರು. ಒಬ್ಬಳು ಮಂಚದ ಸುತ್ತೆಲ್ಲ ಇಣುಕಿ, "ಕೂಸು ಎಲ್ಲೈತ್ರಿ?" ಎಂದು ಕೇಳಿದಳು. ದೊರೆ ಮುಸುಕೆಳೆದುಕೊಂಡ.

ಇನ್ನೇನು ಓಡಿಹೋಗುತ್ತಾನೆ ಎಂದುಕೊಂಡ ಭರಮಣ್ಣನ ಎಣಿಕೆ ತಲೆಕೆಳಗಾಯಿತು. ನಾಲ್ಕನೆಯ ದಿನ ದೊರೆಯ ನೋವು ಇಳಿಯತೊಡಗಿತು. ಎಣ್ಣೆ ತಿಕ್ಕಿದ್ದಕ್ಕೋ, ಕೆಂಡದ ಕಾವಿಗೋ, ಪಾಯಸಕ್ಕೋ, ಯಾರಿಗೆ ಗೊತ್ತು?

"ಭರಮಣ್ಣಾ, ಬಾಣಂತನ ಅಂದರೆ ಇಷ್ಟು ಸುಖವೇ? ನಲವತ್ತಲ್ಲ, ಎಂಬತ್ತು ದಿನ ಮಾಡುತ್ತೇನೆ" ಎಂದು ದೊರೆ ಇನ್ನೊಂದು ಉಂಡೆ ಬಾಯಿಗೆ ಹಾಕಿಕೊಂಡ.

ಭರಮಣ್ಣ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದ. ಅತ್ತು ಅತ್ತು ಮೊಮ್ಮಗಳ ಗಂಟಲು ಕಟ್ಟಿತ್ತು. ಅವನಿಗೆ ದೊರೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಓಣಿ ಓಣಿ ತಿರುಗಿ, ಬಾಣಂತಿಯರಿದ್ದ ಮನೆಗಳ ಬಾಗಿಲನ್ನೆಲ್ಲ ತಟ್ಟಿ, ಅಜ್ಜಿಯರ ಕಿವಿಯಲ್ಲಿ ಏನೋ ಹೇಳಿ ಬಂದ.

ಮರುದಿನ ಬೆಳಿಗ್ಗೆ ದೊರೆಯ ಕೋಣೆಯಾಚೆ ಅಳುವೋ ಅಳು. ಕಿವಿಯ ಹತ್ತಿ ದಾಟಿ ಒಳಗೆ ನುಗ್ಗುವಂತಿತ್ತು.

"ಏನದು ಗದ್ದಲ?"

"ಹೇಳುತ್ತೇನೆ ಪ್ರಭು. ಸೊಂಟ ಹೇಗಿದೆ?" ಎಂದ ಭರಮಣ್ಣ.

"ಮುಕ್ಕಾಲು ನೆಟ್ಟಗಾಗಿದೆ. ಅಳ್ವಿಯ ಗುಣ ನೋಡು."

"ಅದು ಮೊದಲನೆಯ ಗುಣ. ಎರಡನೆಯ ಗುಣ ಇವತ್ತಿನಿಂದ ಕಾಣಿಸುತ್ತದಂತೆ."

"ಎರಡನೆಯದು ಯಾವುದು?"

"ಹಾಲು" ಎಂದಳು ತಿಪ್ಪವ್ವ.

ದೊರೆ ನಿಧಾನವಾಗಿ ತಲೆ ಬಗ್ಗಿಸಿ ತನ್ನ ಎದೆ ನೋಡಿಕೊಂಡ.

"ಹೊರಗಿರುವುದು ಹದಿನಾರು ಕೂಸುಗಳು, ಅಜ್ಜಿಯರ ಕಂಕುಳಲ್ಲಿ ಬಂದಿವೆ" ಎಂದ ಭರಮಣ್ಣ. "ತಾಯಂದಿರ ಅಳ್ವಿಯನ್ನೆಲ್ಲ ತಾವೇ ತಿಂದಿರಿ. ಇನ್ನು ಅವು ಹಾಲಿಗೆ ಬೇರೆ ಯಾರ ಹತ್ತಿರ ಹೋಗಬೇಕು, ಪ್ರಭು? ಮೊದಲು ನನ್ನ ಮೊಮ್ಮಗಳಿಗೆ ಕೊಡಿ, ಬಹಳ ಹಸಿದಿದ್ದಾಳೆ." ಹೀಗೆಂದು ಬಾಗಿಲು ತೆರೆದ.

ದೊರೆ ಮಂಚದಿಂದ ನೆಗೆದ. ಹೊಟ್ಟೆಗೆ ಕಟ್ಟಿದ ಸೀರೆಯನ್ನು ಬಾಲದಂತೆ ಎಳೆದುಕೊಂಡು, ಮುಚ್ಚಿದ ಕಿಟಕಿ ತಳ್ಳಿ ಹಾರಿ, ಅಂಗಳದ ತಣ್ಣನೆ ಗಾಳಿಯಲ್ಲಿ ಹೋಗಿ ನಿಂತ.

"ಪಥ್ಯ ಮುರೀತು" ಎಂದಳು ತಿಪ್ಪವ್ವ, ಕಿಟಕಿಯಿಂದ ಇಣುಕಿ.

ದೊರೆ ಒಂದು ಗಳಿಗೆ ಕಣ್ಣು ಕೆಂಪಗೆ ಮಾಡಿದ. ಆಮೇಲೆ ತನ್ನ ಅವತಾರ ತಾನೇ ನೋಡಿಕೊಂಡು ಬಿದ್ದು ಬಿದ್ದು ನಕ್ಕ. ಅಳ್ವಿಯ ಚೀಲಗಳು ಆಗಲೇ ಅಜ್ಜಿಯರ ಹಿಂದೆ ಮನೆಮನೆಗೆ ಹೊರಟವು. ನಿಂಬವ್ವ ಎರಡು ಬಟ್ಟಲು ಪಾಯಸ ಕುಡಿಯುವುದನ್ನು ನೋಡುತ್ತಾ ಭರಮಣ್ಣನಿಗೆ ಕಣ್ಣು ತುಂಬಿ ಬಂತು.

ವಾರ ಕಳೆದ ಮೇಲೆ ದೊರೆ ತುಂಬಿದ ಸಭೆಯಲ್ಲಿ ಅವನಿಗೆ ಶಾಲು ಹೊದಿಸಿದ. ಹೊದಿಸುವಾಗ ಕಿವಿಯ ಹತ್ತಿರ ಬಾಗಿ, "ಇನ್ನೂ ಸ್ವಲ್ಪ ಸೊಂಟ ಹಿಡಿಯುತ್ತದೆ, ಭರಮಣ್ಣ. ನನಗೂ ಒಂದು ಹಿಡಿ ಅಳ್ವಿ ಸಿಗುತ್ತದೆಯೇ?" ಎಂದು ಪಿಸುಗುಟ್ಟಿದ.

"ಸಿಗದೆ ಏನು, ಪ್ರಭು?" ಎಂದ ಭರಮಣ್ಣ. "ಊರಲ್ಲಿ ಹದಿನಾರು ಬಾಣಂತಿಯರಿದ್ದಾರೆ. ತಾವು ಹದಿನೇಳನೆಯವರು."